ಊರಿನ ಲೆಕ್ಕ, ಊರಿನ ಹಕ್ಕು: ಭ್ರಷ್ಟಾಚಾರದ ವಿರುದ್ಧ ಒಟ್ಟಾಗಿ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯತಿ, ನಗರದ ವಾರ್ಡು, ಪಡಿತರ ಅಂಗಡಿ, ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ. ಸಾಮಾನ್ಯ ಜನರಿಗೆ ಸರ್ಕಾರ ಎದುರಾಗುವುದು ಈ ಜಾಗಗಳಲ್ಲಿ. ಲಂಚ, ಕಳಪೆ ಕಾಮಗಾರಿ, ಹಕ್ಕಿನ ಉಲ್ಲಂಘನೆಗಳೂ ಹೆಚ್ಚಾಗಿ ನಡೆಯುವುದು ಇಲ್ಲೇ. ಇವನ್ನು ಊರಿನವರೇ ಸೇರಿ ಎದುರಿಸುವುದು ಹೇಗೆ ಎಂದು ಕರ್ನಾಟಕದ ಸ್ಥಳೀಯ ತಂಡಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಭ್ರಷ್ಟಾಚಾರಕ್ಕೂ ಮಾನವ ಹಕ್ಕುಗಳಿಗೂ ಏನು ಸಂಬಂಧ? ಎರಡನ್ನೂ ಒಂದೇ ತಂಡ ಯಾಕೆ ನೋಡಬೇಕು?

ಊರಿನ ಮಟ್ಟದಲ್ಲಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ವಿಧವೆಯೊಬ್ಬರ ಪಿಂಚಣಿ ಅರ್ಜಿ ಮುಂದೆ ಸಾಗಲು ದುಡ್ಡು ಕೇಳಿದರೆ ಅದು ಲಂಚ. ದುಡ್ಡು ಕೊಡಲಾಗದೆ ಅವರಿಗೆ ಪಿಂಚಣಿ ತಪ್ಪಿದರೆ ಅದು ಹಕ್ಕಿನ ನಿರಾಕರಣೆ. ಅರ್ಜಿ ಒಂದೇ, ಕಡತವೂ ಒಂದೇ. ದಲಿತರ ಕೇರಿಗೆ ಮಂಜೂರಾದ ಚರಂಡಿ ಕಾಗದದ ಮೇಲಷ್ಟೇ ಪೂರ್ಣಗೊಂಡರೆ, ಅದನ್ನು ಬರೀ ಹಣದ ಲೆಕ್ಕವಾಗಿ ನೋಡಿದವರಿಗೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಯಾರ ಪಾಲಿನ ಹಣ ಹೋಯಿತು, ಅವರದೇ ಯಾಕೆ ಹೋಯಿತು ಎಂದೂ ಕೇಳಬೇಕು. ಎದುರು ಮಾತಾಡುವ ಶಕ್ತಿ ಯಾರಿಗೆ ಕಡಿಮೆಯೋ ಅವರ ಪಾಲಿನದೇ ಮೊದಲು ಸೋರುತ್ತದೆ. ಅದಕ್ಕಾಗಿಯೇ ಈ ಕೆಲಸ ಒಬ್ಬ ಧೈರ್ಯಶಾಲಿಯ ಹೆಗಲ ಮೇಲೆ ನಿಲ್ಲಬಾರದು. ಒಬ್ಬರೇ ಇದ್ದರೆ ಅವರನ್ನು ಹೆದರಿಸಬಹುದು, ಕೊಂಡುಕೊಳ್ಳಬಹುದು, ಕೇಸು ಹಾಕಿಸಿ ಸುಸ್ತು ಮಾಡಬಹುದು. ಮೂವತ್ತು ಮನೆಯವರು ಕೂಡಿದಾಗ ಇದು ಸುಲಭವಲ್ಲ.

ತಂಡದಲ್ಲಿ ಎಷ್ಟು ಜನ ಇರಬೇಕು? ಸಂಘ ನೋಂದಣಿ ಮಾಡಿಸಲೇಬೇಕೇ?

ಶುರು ಮಾಡಲು 8ರಿಂದ 12 ಜನ ಸಾಕು. ಅವರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಲಿ, ಊರಿನ ಎಲ್ಲ ಕೇರಿಗಳವರೂ ಇರಲಿ. ಒಂದೇ ಜಾತಿಯವರು ಅಥವಾ ಸೋತ ಪಕ್ಷದವರು ಮಾತ್ರ ಸೇರಿದರೆ, ನೀವು ತೋರಿಸುವ ಸತ್ಯವೂ ಜನರ ಕಣ್ಣಿಗೆ ರಾಜಕೀಯವಾಗಿ ಕಾಣುತ್ತದೆ. ಓದು ಬರಹ ಬಲ್ಲವರು ಇಬ್ಬರು, ಲೆಕ್ಕ ಹಿಡಿಯುವವರು ಒಬ್ಬರು, ಕಾಮಗಾರಿ ಗೊತ್ತಿರುವ ಮೇಸ್ತ್ರಿ ಒಬ್ಬರು ಇದ್ದರೆ ಒಳ್ಳೆಯದು. ಗಾರೆ ಕೆಲಸ ಮಾಡಿ ಪಳಗಿದ ಕೈ ಕಾಂಕ್ರೀಟು ನೋಡಿ ಹೇಳುವುದನ್ನು ಪದವೀಧರರು ಹೇಳಲಾರರು.

ನೋಂದಣಿ ಕಡ್ಡಾಯವಲ್ಲ. ಮಾಹಿತಿ ಹಕ್ಕು ಅರ್ಜಿಯನ್ನಂತೂ ಸಂಘದ ಹೆಸರಲ್ಲಿ ಹಾಕಲೇಬೇಡಿ. ಆ ಹಕ್ಕು ನಾಗರಿಕರದು ಎಂಬ ನೆಪದಲ್ಲಿ ಅರ್ಜಿ ವಾಪಸು ಬರಬಹುದು. ವ್ಯಕ್ತಿಯ ಹೆಸರಿನಲ್ಲೇ ಹಾಕಿ, ಮತ್ತು ಪ್ರತಿ ಸಲ ಬೇರೆ ಬೇರೆಯವರ ಹೆಸರಿರಲಿ. ಬ್ಯಾಂಕ್ ಖಾತೆ, ದೇಣಿಗೆ ಎಂದು ಬೇಕಾದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಕನಿಷ್ಠ 7 ಜನ ಸೇರಿ ನೋಂದಾಯಿಸಿಕೊಳ್ಳಬಹುದು.

ಮೊದಲು ಯಾವ ವಿಷಯ ಹಿಡಿಯಬೇಕು?

ಚಿಕ್ಕದು, ಎಲ್ಲರ ಕಣ್ಣಿಗೆ ಕಾಣುವಂಥದ್ದು, ಮೂರು ತಿಂಗಳಲ್ಲಿ ಏನಾದರೂ ಫಲ ಸಿಗುವಂಥದ್ದು. ಪಡಿತರದ ತೂಕ, ಅಂಗನವಾಡಿಯ ಆಹಾರ, ಒಂದು ಸಿ.ಸಿ. ರಸ್ತೆ, ನಿಂತುಹೋದ ಪಿಂಚಣಿಗಳು. ಮೊದಲ ಹೆಜ್ಜೆಯಲ್ಲೇ ಶಾಸಕರ ಆಸ್ತಿಗೆ ಕೈ ಹಾಕುವ ತಂಡಗಳಿವೆ. ಆರು ತಿಂಗಳಲ್ಲಿ ಅವು ಚದುರುತ್ತವೆ, ಯಾಕೆಂದರೆ ಊರಿನವರಿಗೆ ಅದರಿಂದ ತಮ್ಮ ಬದುಕಲ್ಲಿ ಏನು ಬದಲಾಯಿತು ಎಂದು ಕಾಣುವುದಿಲ್ಲ. ನಿಂತ ಪಿಂಚಣಿ ನಲವತ್ತು ಜನರಿಗೆ ಮತ್ತೆ ಬಂದರೆ, ಮುಂದಿನ ಸಭೆಗೆ ಆ ನಲವತ್ತು ಮನೆಯವರೂ ಬರುತ್ತಾರೆ.

ಒಂದು ಕಾಮಗಾರಿಯ ಬಗ್ಗೆ ಅನುಮಾನವಿದೆ. ಯಾವ ಯಾವ ಕಾಗದ ಕೇಳಬೇಕು?

“ಎಲ್ಲ ದಾಖಲೆ ಕೊಡಿ” ಎಂದು ಬರೆದರೆ ಏನೂ ಸಿಗುವುದಿಲ್ಲ. ಹೆಸರು ಹಿಡಿದು ಕೇಳಿ:

- ಕ್ರಿಯಾ ಯೋಜನೆ ಮತ್ತು ಅದಕ್ಕೆ ಅನುಮೋದನೆ ಕೊಟ್ಟ ಸಭೆಯ ನಡವಳಿ
- ಅಂದಾಜು ಪಟ್ಟಿ, ಅದರ ಜೊತೆಗಿನ ನಕ್ಷೆ
- ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ
- ಟೆಂಡರ್ ಅಥವಾ ಕೊಟೇಷನ್ ಕಡತ, ಕಾಮಗಾರಿ ಆದೇಶ
- ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು (ಕಚೇರಿಯಲ್ಲಿ “ಎಂ.ಬಿ.” ಎನ್ನುತ್ತಾರೆ)
- ಕೂಲಿ ಕೊಟ್ಟಿದ್ದರೆ ಹಾಜರಿ ಪಟ್ಟಿ, ಅಂದರೆ ಎನ್‌ಎಂಆರ್
- ಬಿಲ್ಲು, ಓಚರ್, ಹಣ ಪಾವತಿಯ ವಿವರ
- ಗುಣಮಟ್ಟ ಪರೀಕ್ಷೆಯ ವರದಿ, ಮೂರು ಹಂತದ ಫೋಟೋ, ಪೂರ್ಣಗೊಂಡ ಪ್ರಮಾಣಪತ್ರ

ಇವುಗಳಲ್ಲಿ ಮುಖ್ಯವಾದವು ಮೂರು: ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು. ಏನು ಮಾಡಬೇಕಿತ್ತು ಎಂದು ಮೊದಲನೆಯದು ಹೇಳುತ್ತದೆ, ಏನು ಮಾಡಿದೆವು ಎಂದು ಬರೆದುಕೊಂಡಿರುವುದು ಎರಡನೆಯದು, ಎಷ್ಟು ಹಣ ಎತ್ತಿದರು ಎಂಬುದು ಮೂರನೆಯದು. ನಾಲ್ಕನೆಯ ದಾಖಲೆ ನೆಲದ ಮೇಲಿದೆ, ಅದನ್ನು ನೀವೇ ಅಳೆಯಬೇಕು.

ಮಾಹಿತಿ ಹಕ್ಕು ಅರ್ಜಿ ಬರೆಯುವುದು ಹೇಗೆ?

ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಆಗಿ ಅಥವಾ ನಗದಾಗಿ ಕಟ್ಟಬಹುದು. ನಗದು ಕೊಟ್ಟರೆ ರಸೀದಿ ಬಿಡಬೇಡಿ. ನಕಲಿಗೆ ಎ4 ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರು ಪಡಿತರ ಚೀಟಿಯ ನಕಲು ಲಗತ್ತಿಸಿದರೆ ಅರ್ಜಿ ಶುಲ್ಕ ಇಲ್ಲ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳುವ ಅಗತ್ಯವಿಲ್ಲ. 2005ರ ಕಾಯ್ದೆಯ ಕಲಂ 6(2) ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ರಾಜ್ಯದ ನಿಯಮದಲ್ಲಿ ಎರಡು ಷರತ್ತುಗಳಿವೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ. ಅರ್ಜಿಗಳು ತಿರಸ್ಕೃತವಾಗುವುದು ಬಹುಪಾಲು ಇದರಿಂದಲೇ. ರಸ್ತೆ, ಬೀದಿದೀಪ, ಕುಡಿಯುವ ನೀರು ಮೂರನ್ನೂ ಒಂದರಲ್ಲೇ ತುಂಬಬೇಡಿ, ಮೂರು ಅರ್ಜಿ ಹಾಕಿ. ಇನ್ನೊಂದು ಸಾಮಾನ್ಯ ತಪ್ಪು ಪ್ರಶ್ನೆ ಕೇಳುವುದು. “ರಸ್ತೆ ಯಾಕೆ ಕಳಪೆಯಾಗಿದೆ?” ಎಂಬುದಕ್ಕೆ ಉತ್ತರ ಕೊಡಬೇಕಾದ ಹೊಣೆ ಅಧಿಕಾರಿಗೆ ಇಲ್ಲ. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ ಕೊಡುವುದಷ್ಟೇ ಅವರ ಕೆಲಸ. ಹೀಗೆ ಬರೆಯಿರಿ:

“2023-24ನೇ ಸಾಲಿನಲ್ಲಿ ____ ಗ್ರಾಮದ ____ ಮನೆಯಿಂದ ____ ದೇವಸ್ಥಾನದವರೆಗಿನ ಸಿ.ಸಿ. ರಸ್ತೆ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು ಮತ್ತು ಪಾವತಿ ಓಚರ್‌ಗಳ ದೃಢೀಕೃತ ನಕಲು ಒದಗಿಸಿ.”

“ದೃಢೀಕೃತ” ಎಂಬ ಪದ ಬಿಡಬೇಡಿ. ಸಹಿ, ಮೊಹರು ಇಲ್ಲದ ಝೆರಾಕ್ಸ್ ಮುಂದೆ ಯಾವ ವಿಚಾರಣೆಯಲ್ಲೂ ನಿಲ್ಲುವುದಿಲ್ಲ. ಹೆಚ್ಚಿನ ತಂಡಗಳು ಬಳಸದ ಎರಡು ಅಧಿಕಾರಗಳು ಕಲಂ 2(ಜೆ)ಯಲ್ಲಿವೆ: ಕಾಮಗಾರಿ ಮತ್ತು ದಾಖಲೆಗಳನ್ನು ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು. ರಸ್ತೆಗೆ ಬಳಸಿದ ಸಾಮಗ್ರಿಯ ಮಾದರಿಯನ್ನೂ ಹೀಗೆ ಕೇಳಬಹುದು. ಪುಟಗಳು ಸಾವಿರ ದಾಟುವ ಕಡತವಾದರೆ ಮೊದಲು ಪರಿಶೀಲನೆಗೆ ಕೇಳಿ, ಕೂತು ನೋಡಿ, ಬೇಕಾದ ಪುಟಗಳಿಗೆ ಮಾತ್ರ ದುಡ್ಡು ಕಟ್ಟಿ.

ಮೂವತ್ತು ದಿನ ಕಳೆದರೂ ಉತ್ತರ ಇಲ್ಲ. ಮುಂದೇನು?

ದಿನಾಂಕಗಳನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉತ್ತರ ಕೊಡಲು 30 ದಿನ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಬೇರೆ ಕಚೇರಿಯ ವಿಷಯವಾಗಿದ್ದರೆ 5 ದಿನದೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು. “ನಮ್ಮಲ್ಲಿ ಇಲ್ಲ” ಎಂದು ನಿಮ್ಮನ್ನು ವಾಪಸು ಕಳಿಸುವಂತಿಲ್ಲ. ಗಡುವು ಮೀರಿದ ಮೇಲೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು.

ನಂತರ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅವರು 30 ದಿನದಲ್ಲಿ, ಕಾರಣ ಬರೆದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ತಪ್ಪಿತಸ್ಥ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಒಂದು ಎಚ್ಚರಿಕೆ. ಮೊದಲ ಮೇಲ್ಮನವಿ ಬಿಟ್ಟು ನೇರವಾಗಿ ಆಯೋಗಕ್ಕೆ ಕಲಂ 18ರ ದೂರು ಕೊಡುವವರು ಬಹಳ. ಆ ದೂರಿನಲ್ಲಿ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಡಿಸೆಂಬರ್‌ನಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದೆ. ಕಾಗದ ಕೈಗೆ ಬೇಕಿದ್ದರೆ ಕಲಂ 19ರ ಮೇಲ್ಮನವಿಯ ದಾರಿಯೇ ಸರಿ. ಆಯೋಗದಲ್ಲಿ ಸರದಿ ಬರಲು ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಇಡೀ ಕೆಲಸವನ್ನು ಒಂದೇ ಅರ್ಜಿಯ ಮೇಲೆ ನಿಲ್ಲಿಸಬೇಡಿ.

“ಇದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ” ಎಂಬ ಹಿಂಬರಹ ಬಂದಿದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಮಾಹಿತಿ ಹಕ್ಕಿನ ಕಲಂ 8(1)(ಜೆ)ಯನ್ನು, ಅಂದರೆ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಮನ್ನು, ಮೊಟಕುಗೊಳಿಸಿ ಈ ನೆಪವನ್ನು ಸುಲಭ ಮಾಡಿದೆ. ಜನರ ಹಕ್ಕಿಗೆ ಇದು ದೊಡ್ಡ ಪೆಟ್ಟು. ಆದರೂ ಕಲಂ 8(2) ಉಳಿದಿದೆ: ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಈ ಕಲಮನ್ನು ಹೆಸರಿಸಿ, ಸಾರ್ವಜನಿಕ ಹಣ ಹೇಗೆ ಖರ್ಚಾಯಿತು ಎಂಬುದೇ ಪ್ರಶ್ನೆ ಎಂದು ಎರಡು ಸಾಲಿನಲ್ಲಿ ಬರೆಯಿರಿ. ಕಲಂ 4(1)(ಬಿ) ಪ್ರಕಾರ ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು. ಅದನ್ನೂ ಉಲ್ಲೇಖಿಸಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ನೀವೇ “ಅಳಿಸಿ ಕೊಡಿ” ಎಂದು ಬರೆದುಬಿಟ್ಟರೆ ನಿರಾಕರಿಸಲು ಉಳಿಯುವ ಕಾರಣ ಕಡಿಮೆ.

ಕಾಗದ ಬಂತು. ನೆಲದ ಮೇಲೆ ಪರಿಶೀಲಿಸುವುದು ಹೇಗೆ?

30 ಮೀಟರಿನ ಟೇಪು, ದಪ್ಪ ನೋಟ್‌ಬುಕ್ಕು, ಫೋನು. ಕನಿಷ್ಠ ಐದು ಜನ ಹಗಲಲ್ಲಿ ಹೋಗಿ, ಆ ಬೀದಿಯವರನ್ನೂ ಕರೆಯಿರಿ.

ಅಂದಾಜು ಪಟ್ಟಿಯಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪ ಎಂದಿದೆ ಅಂದುಕೊಳ್ಳಿ. ಕಾಂಕ್ರೀಟು 45 ಘನ ಮೀಟರ್ ಆಗುತ್ತದೆ. ಅಗಲವನ್ನು ಪ್ರತಿ 10 ಮೀಟರಿಗೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಸರಾಸರಿ ಅಗಲ 2.8 ಮೀಟರ್, ದಪ್ಪ 120 ಮಿಲಿಮೀಟರ್ ಬಂದರೆ ನಿಜವಾಗಿ ಬಿದ್ದದ್ದು 33.6 ಘನ ಮೀಟರ್. ಅಂದರೆ ನಾಲ್ಕನೇ ಒಂದು ಭಾಗ ಮಾಯ. 1:1.5:3 ಮಿಶ್ರಣಕ್ಕೆ (ಸಿಮೆಂಟು, ಮರಳು, ಜಲ್ಲಿ) ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕು, 11.4 ಘನ ಮೀಟರ್ ಕಡಿಮೆ ಎಂದರೆ ಸುಮಾರು 90 ಚೀಲ. ಸಭೆಯಲ್ಲಿ ಹೇಳುವಾಗ “ಶೇಕಡಾ 25 ಕಡಿಮೆ” ಎನ್ನುವುದಕ್ಕಿಂತ “ತೊಂಬತ್ತು ಚೀಲ ಸಿಮೆಂಟು ಎಲ್ಲಿ ಹೋಯಿತು?” ಎಂದು ಕೇಳಿ, ಎಲ್ಲರಿಗೂ ಅರ್ಥವಾಗುತ್ತದೆ.

ತಂಡಗಳು ಎಡವುವುದು ದಪ್ಪದಲ್ಲಿ. ಅಂಚಿನಲ್ಲಿ ಸೆಂಟ್ರಿಂಗ್ ಪ್ಲೇಟಿನ ಎತ್ತರಕ್ಕೆ ಕಾಂಕ್ರೀಟು ಇರುತ್ತದೆ, ನಡುವೆ ನೆಲ ಉಬ್ಬಿದ್ದರೆ ಅಲ್ಲಿ ತೆಳ್ಳಗಿರುತ್ತದೆ. ಆದ್ದರಿಂದ ಅಂಚಿನ ಅಳತೆ ಸರಿಯಿದ್ದ ಮಾತ್ರಕ್ಕೆ ಕೆಲಸ ಸರಿಯಿದೆ ಎಂದಲ್ಲ, ಒಂದೇ ಕಡೆ ಕಡಿಮೆ ಬಂದ ಮಾತ್ರಕ್ಕೆ ಇಡೀ ರಸ್ತೆ ಹಾಗಿದೆ ಎಂದೂ ಅಲ್ಲ. ನೀವೇ ರಸ್ತೆ ಒಡೆದು ನೋಡಬೇಡಿ. ಸಾರ್ವಜನಿಕ ಆಸ್ತಿ ಹಾಳು ಮಾಡಿದ ಕೇಸು ನಿಮ್ಮ ಮೇಲೇ ಬೀಳುತ್ತದೆ. ನಡುಭಾಗದಲ್ಲಿ ಕೋರ್ ಪರೀಕ್ಷೆ (ಯಂತ್ರದಿಂದ ಕೊರೆದು ಕಾಂಕ್ರೀಟಿನ ತುಂಡು ತೆಗೆದು ನೋಡುವುದು) ಮಾಡಿಸಿ ಎಂದು ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆದು ಕೊಡಿ, ಪರೀಕ್ಷೆಯ ದಿನ ನೀವೂ ಹಾಜರಿರಿ.

ಅಳತೆಗಿಂತ ದೊಡ್ಡ ಮೋಸ ಹೆಸರುಗಳಲ್ಲಿ ಅಡಗಿರುತ್ತದೆ. ಒಂದೇ ರಸ್ತೆಗೆ ಒಂದು ವರ್ಷ “ಶಾಲೆಯಿಂದ ಬಾವಿಯವರೆಗೆ” ಎಂದು, ಮರುವರ್ಷ ಬೇರೆ ಯೋಜನೆಯಲ್ಲಿ “ಬಾವಿಯಿಂದ ಶಾಲೆಯವರೆಗೆ” ಎಂದು ಎರಡು ಬಿಲ್ಲು ಆಗುತ್ತದೆ. ಇದನ್ನು ಹಿಡಿಯಲು ಊರಿನ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಕೈಯಲ್ಲೇ ಬರೆದು, ಕಳೆದ ಮೂರು ವರ್ಷಗಳ ಎಲ್ಲ ಯೋಜನೆಗಳ ಕಾಮಗಾರಿಗಳನ್ನು ಬಣ್ಣದ ಗೆರೆಯಲ್ಲಿ ಎಳೆಯಿರಿ. ಗೆರೆಯ ಮೇಲೆ ಗೆರೆ ಬಿದ್ದ ಕಡೆ ಕಡತ ತೆಗೆಸಿ. ಪಂಚಾಯತಿ, ಲೋಕೋಪಯೋಗಿ, ಶಾಸಕರ ನಿಧಿ, ಸಮಾಜ ಕಲ್ಯಾಣ ಇಲಾಖೆ ಎಲ್ಲದರ ಪಟ್ಟಿಯೂ ಬೇಕು, ಯಾಕೆಂದರೆ ಎರಡು ಬಿಲ್ಲು ಒಂದೇ ಕಚೇರಿಯಲ್ಲಿ ಇರುವುದು ಅಪರೂಪ.

ಟೆಂಡರ್ ತಪ್ಪಿಸಲು ದೊಡ್ಡ ಕೆಲಸವನ್ನು ತುಂಡು ಮಾಡುವುದು ಇನ್ನೊಂದು ಹಳೆಯ ದಾರಿ. ಒಂದೇ ಬೀದಿಗೆ ಒಂದೇ ತಿಂಗಳಲ್ಲಿ ಮಿತಿಗಿಂತ ಸ್ವಲ್ಪವೇ ಕೆಳಗಿನ ಮೊತ್ತದ ನಾಲ್ಕು ಅಂದಾಜು ಪಟ್ಟಿಗಳಿದ್ದರೆ ಅದೇ ಸುಳಿವು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ಅಡಿ ಟೆಂಡರಿನಿಂದ ವಿನಾಯಿತಿ ಪಡೆದ ಕೆಲಸಗಳಿದ್ದರೆ ವಿನಾಯಿತಿಯ ಆದೇಶವನ್ನೂ ಕೇಳಿ. ಫೆಬ್ರವರಿ, ಮಾರ್ಚ್ ತಿಂಗಳ ಬಿಲ್ಲುಗಳನ್ನು ಎರಡು ಸಲ ನೋಡಿ. ಮಾರ್ಚ್ 31ರೊಳಗೆ ಹಣ ಖರ್ಚು ತೋರಿಸುವ ಅವಸರದಲ್ಲಿ ಆಗದ ಕೆಲಸಕ್ಕೂ ಎಂ.ಬಿ. ಬರೆಯುವುದುಂಟು.

ಕಂಡುಕೊಂಡದ್ದನ್ನು ಊರಿನ ಮುಂದಿಡುವುದು ಹೇಗೆ?

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ನಡೆಸಿದ ಜನ್ ಸುನವಾಯಿ, ಅಂದರೆ ಜನರ ಮುಂದಿನ ವಿಚಾರಣೆ, ಇದಕ್ಕೆ ದಾರಿ ತೋರಿಸಿತು. ಅಲ್ಲಿ ಭಾಷಣಕ್ಕಿಂತ ಹಾಜರಿ ಪಟ್ಟಿಗೇ ಜಾಗ ಇತ್ತು. ಹೆಸರು ಓದಿದರು, ಆ ಹೆಸರಿನವರೇ ಎದ್ದು ನಿಂತು ತಾವು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದರು. ಮಾಹಿತಿ ಹಕ್ಕು ಕಾಯ್ದೆಯ ಬೇರು ಅಂಥ ಸಭೆಗಳಲ್ಲಿದೆ. ಸಾಮಾಜಿಕ ಪರಿಶೋಧನೆ (ಕಾಮಗಾರಿಯ ಲೆಕ್ಕವನ್ನು ಜನರೇ ಪರಿಶೀಲಿಸುವುದು) 2005ರ ಉದ್ಯೋಗ ಖಾತರಿ ಕಾಯ್ದೆಯ ಕಲಂ 17ರೊಳಗೆ ಬಂದದ್ದೂ ಅದೇ ಹಾದಿಯಲ್ಲಿ.

ನಮ್ಮಲ್ಲಿ ವಾರ್ಡು ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಪಂಚಾಯತಿಯ ಜಮಾಬಂದಿ, ಅಂದರೆ ಲೆಕ್ಕಪತ್ರಗಳ ಬಹಿರಂಗ ಪರಿಶೀಲನೆ, ವರ್ಷಕ್ಕೊಮ್ಮೆ. ನಿಮ್ಮ ವಿಷಯವನ್ನು ಸಭೆಗೆ ಮುಂಚೆಯೇ ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲವಾದರೆ “ಕಾರ್ಯಸೂಚಿಯಲ್ಲಿ ಇಲ್ಲ” ಎಂದು ತಳ್ಳಿಹಾಕುತ್ತಾರೆ. ಸಭೆಯಲ್ಲಿ ದಾಖಲೆ ಓದುವುದು ಒಬ್ಬರು, ಅಳತೆ ಹೇಳುವುದು ಇನ್ನೊಬ್ಬರು, ತಮಗಾದದ್ದನ್ನು ಹೇಳುವವರು ಬೇರೆಯವರು. ಆರೋಪ ಎದುರಿಸುವವರಿಗೂ ಮಾತಾಡಲು ಸಮಯ ಕೊಡಿ. ಎಷ್ಟೋ ಸಲ ಅವರ ವಿವರಣೆ ಸರಿಯಿರುತ್ತದೆ, ಇಲ್ಲವಾದರೆ ಅವರ ಬಾಯಿಂದಲೇ ಹೊಸ ಸಂಗತಿ ಹೊರಬರುತ್ತದೆ. ಸಭೆ ಮುಗಿಯುವ ಮುಂಚೆ ಠರಾವು ನಡವಳಿ ಪುಸ್ತಕಕ್ಕೆ ಬಿತ್ತೆ ಎಂದು ಕಣ್ಣಾರೆ ನೋಡಿ, ಪುಟದ ಫೋಟೋ ತೆಗೆದುಕೊಳ್ಳಿ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ. ಖಾಲಿ ಪುಟ ಆಮೇಲೆ ಏನಾಗುತ್ತದೆ ಎಂಬುದು ಸಹಿ ಹಾಕಿದವರ ಕೈಯಲ್ಲಿರುವುದಿಲ್ಲ.

“ಅವನು ಕಳ್ಳ” ಎಂದು ಹೇಳಬೇಡಿ. “ಬಿಲ್ಲಿನಲ್ಲಿ 45 ಘನ ಮೀಟರ್, ಸ್ಥಳದಲ್ಲಿ 33.6” ಎನ್ನಿ. ಮೊದಲನೆಯದು ನಿಮ್ಮ ಮೇಲೆ ಮಾನನಷ್ಟದ ಕೇಸಿಗೆ ದಾರಿ, ಎರಡನೆಯದಕ್ಕೆ ಅವರು ಉತ್ತರ ಕೊಡಲೇಬೇಕು.

ನೇರವಾಗಿ ಲಂಚ ಕೇಳುತ್ತಿದ್ದಾರೆ. ಏನು ಮಾಡಬೇಕು?

ಕೊಡುವ ಮೊದಲು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ. 2016ರಲ್ಲಿ ರಚಿಸಿದ್ದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟು 2022ರ ಆಗಸ್ಟಿನಲ್ಲಿ ರದ್ದು ಮಾಡಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ.

ಟ್ರ್ಯಾಪ್, ಅಂದರೆ ಲಂಚ ಪಡೆಯುವಾಗಲೇ ಹಿಡಿಯುವ ಕಾರ್ಯಾಚರಣೆ, ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ನೀವು ಲಿಖಿತ ದೂರು ಕೊಡುತ್ತೀರಿ. ಬೇಡಿಕೆ ನಿಜವೇ ಎಂದು ಧ್ವನಿಮುದ್ರಣದ ಮೂಲಕ ಖಚಿತಪಡಿಸಿಕೊಳ್ಳುತ್ತಾರೆ. ನೋಟುಗಳ ಸಂಖ್ಯೆ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಇಬ್ಬರು ಸ್ವತಂತ್ರ ಪಂಚರು ಇರುತ್ತಾರೆ, ಒಬ್ಬರು ನಿಮ್ಮ ಜೊತೆಗೇ ಬರುತ್ತಾರೆ. ಅಧಿಕಾರಿ ಕೇಳಿದ ಮೇಲೆ ಹಣ ಕೊಟ್ಟು ಸನ್ನೆ ಮಾಡಬೇಕು. ಅವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎಲ್ಲವನ್ನೂ ಮಹಜರಿನಲ್ಲಿ ಬರೆಯುತ್ತಾರೆ. ಹಣ ದೂರುದಾರರೇ ತರುವುದು ವಾಡಿಕೆ. ಆಗದಿದ್ದರೆ ಮುಂಚೆಯೇ ಹೇಳಿ.

ಕೇಸು ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬೇಡಿಕೆ ಸಾಬೀತಾಗುವುದಿಲ್ಲ. ನೋಟು ಸಿಕ್ಕರೆ ಸಾಲದು, ಅಧಿಕಾರಿ ಕೇಳಿದ್ದು ತೋರಬೇಕು. ಅವರು ಬಾಯಿ ಬಿಡುವ ಮುಂಚೆ ದುಡ್ಡು ಮೇಜಿನ ಮೇಲಿಟ್ಟರೆ ಕೇಸು ಅಲ್ಲೇ ಸೊರಗುತ್ತದೆ. “ಸಾರ್, ನನ್ನ ಕೆಲಸ ಏನಾಯಿತು?” ಎಂದು ಕೇಳಿ, ಅವರೇ ಹೇಳಲಿ. ಇನ್ನೊಂದು ಅಪಾಯ ದೂರುದಾರರೇ ಕೋರ್ಟಿನಲ್ಲಿ ಮಾತು ಬದಲಿಸುವುದು. ಹಾಗಾದರೂ ಬೇರೆ ಸಾಕ್ಷ್ಯ, ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದರೂ ವಿಚಾರಣೆ ಮುಗಿಯುವವರೆಗೆ ದೂರುದಾರರನ್ನು ಒಂಟಿಯಾಗಿ ಬಿಡದಿರುವುದು ತಂಡದ ದೊಡ್ಡ ಜವಾಬ್ದಾರಿ. ಪ್ರತಿ ವಿಚಾರಣೆಗೂ ಇಬ್ಬರಾದರೂ ಜೊತೆಗೆ ಹೋಗಬೇಕು.

ಈಗಾಗಲೇ ಲಂಚ ಕೊಟ್ಟುಬಿಟ್ಟಿದ್ದೇವೆ. ನಮ್ಮ ಮೇಲೂ ಕೇಸು ಆಗುತ್ತದೆಯೇ?

ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಈ ಏಳು ದಿನದ ಮಾತು ಊರಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಎಂಟನೇ ದಿನ ಬಂದವರಿಗೆ ಸಹಾಯ ಮಾಡುವುದು ಬಹಳ ಕಷ್ಟ.

ಟ್ರ್ಯಾಪ್ ಬೇಡ, ಕಾಮಗಾರಿಯ ಅವ್ಯವಹಾರದ ಬಗ್ಗೆ ಲಿಖಿತ ದೂರು ಕೊಡಬೇಕು.

ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ನೋಟರಿ ಮಾಡಿಸಿದ ಪ್ರಮಾಣಪತ್ರ. ಪ್ರಮಾಣಪತ್ರ ಇಲ್ಲದ ದೂರುಗಳು ಮೊದಲ ಹಂತದಲ್ಲೇ ನಿಲ್ಲುತ್ತವೆ. 1984ರ ಕಾಯ್ದೆಯ ಪ್ರಕಾರ ಕುಂದುಕೊರತೆಯಾದರೆ ಗೊತ್ತಾದ 6 ತಿಂಗಳೊಳಗೆ, ಆಪಾದನೆಯಾದರೆ ಘಟನೆ ನಡೆದ 5 ವರ್ಷದೊಳಗೆ ಕೊಡಬೇಕು. ಎರಡು ಪುಟ ಮೀರದ ದೂರು, ತಾರೀಖಿನ ಕ್ರಮದಲ್ಲಿ. ಪ್ರತಿ ವಾಕ್ಯದ ಪಕ್ಕ “ಲಗತ್ತು 3, ಪುಟ 2” ಎಂದು ಗುರುತು. ಸುಳ್ಳು ದೂರಿಗೆ ಶಿಕ್ಷೆ ಇದೆ, ಹಾಗಾಗಿ ಕೇಳಿದ್ದನ್ನು ಕಂಡದ್ದೆಂದು ಬರೆಯಬೇಡಿ.

ಜಾತಿ ಪ್ರಮಾಣಪತ್ರ, ಖಾತೆ ಬದಲಾವಣೆಯಂಥ ಸಣ್ಣ ಕೆಲಸಕ್ಕೆ ಅಲೆಸುತ್ತಾರೆ.

ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸುವ ಸಕಾಲ ಬಳಸಿ. 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆಯಲ್ಲಿ ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆ ಕೊಡಬೇಕು. ಅದಿಲ್ಲದೆ “ಇಟ್ಟು ಹೋಗಿ, ನೋಡ್ತೀವಿ” ಎಂದರೆ ಅರ್ಜಿ ಬಿಟ್ಟು ಬರಬೇಡಿ, ಲಂಚದ ಮಾತು ಶುರುವಾಗುವುದು ಅಲ್ಲಿಂದಲೇ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ಅದು ತಪ್ಪಿತಸ್ಥ ನೌಕರರ ಸಂಬಳದಿಂದ ಹೋಗುತ್ತದೆ. ಅದನ್ನು ಕೇಳಿ ಪಡೆಯಬೇಕು.

ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ, ಅಥವಾ ನಮ್ಮವರನ್ನು ಕೂಡಿಹಾಕಿದ್ದಾರೆ.

ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲೇ ದೂರು ದಾಖಲಿಸಬಹುದು, ಪ್ರತಿ ಉಚಿತ. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ.

ಬಂಧನವಾದರೆ ಮೊದಲು ಸಮಯ ಬರೆದುಕೊಳ್ಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಾರಣ ತಿಳಿಸಬೇಕು, ಬಂಧನದ ಮೆಮೊ ಮಾಡಬೇಕು, ಮನೆಯವರಿಗೆ ಹೇಳಬೇಕು, ವೈದ್ಯಕೀಯ ತಪಾಸಣೆ ಆಗಬೇಕು. “ವಿಚಾರಣೆಗೆ ಕರೆದಿದ್ದೇವೆ, ಬಂಧನ ಅಲ್ಲ” ಎಂದು ಎರಡು ದಿನ ಕೂರಿಸುವುದೇ ಸಾಮಾನ್ಯ ತಂತ್ರ. ಅದನ್ನು ಮುರಿಯುವುದು ಆ ಕ್ಷಣದ ದಾಖಲೆ: ಮನೆಯವರು ಕರೆದೊಯ್ದ ಸಮಯ ನಮೂದಿಸಿ ವರಿಷ್ಠಾಧಿಕಾರಿಗೆ ಇ-ಮೇಲ್ ಅಥವಾ ವಾಟ್ಸಾಪ್ ಕಳಿಸಬೇಕು, 112ಕ್ಕೂ ಕರೆ ಮಾಡಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ಹೊಡೆತ ಬಿದ್ದಿದ್ದರೆ ಆ ದಿನದ ದೃಶ್ಯ ಉಳಿಸಿಡಿ ಎಂದು ಕೂಡಲೇ ಲಿಖಿತವಾಗಿ ಕೇಳಿ. ತಡವಾದರೆ “ಅಳಿಸಿಹೋಗಿದೆ” ಎಂಬ ಉತ್ತರ ಬರುತ್ತದೆ. ಗಾಯಗಳ ಬಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಟ್ಟು ಹೇಳಬೇಕು. ಹೆದರಿ ಸುಮ್ಮನಿದ್ದರೆ ಆಮೇಲೆ ನಂಬಿಸುವುದು ಕಷ್ಟ.

ಜಾತಿ ದೌರ್ಜನ್ಯ, ಮಲಗುಂಡಿಯ ಸಾವು ಇಂಥ ಪ್ರಕರಣಗಳಲ್ಲಿ ವಿಶೇಷವಾಗಿ ಏನು ನೋಡಬೇಕು?

1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ (ಕಲಂ 18ಎ). ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು, 60 ದಿನದಲ್ಲಿ ಮುಗಿಸಬೇಕು. ಪರಿಹಾರದ ಕಂತುಗಳು ಪ್ರಕರಣದ ಹಂತಕ್ಕೆ ತಕ್ಕಂತೆ ಬರುತ್ತವೆ, ಅದಕ್ಕೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಪೊಲೀಸರು ಎಫ್‌ಐಆರ್‌ನಲ್ಲಿ ಈ ಕಾಯ್ದೆಯ ಕಲಂ ಬಿಟ್ಟು ಬರೀ ಜಗಳದ ಕಲಂ ಹಾಕಿದ್ದಾರೆಯೇ ಎಂದು ಅದೇ ದಿನ ಓದಿ ನೋಡಿ.

ಒಳಚರಂಡಿ ಅಥವಾ ಗುಂಡಿಗೆ ಇಳಿಸಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದಕ್ಕೆ ಮುಂಚೆ ಅದು 10 ಲಕ್ಷ ಇತ್ತು. ಗುತ್ತಿಗೆದಾರರು ಒಂದೆರಡು ಲಕ್ಷ ಕೈಗಿಟ್ಟು ರಾಜಿ ಪತ್ರಕ್ಕೆ ಸಹಿ ಕೇಳುತ್ತಾರೆ. ಸಹಿ ಹಾಕುವ ಮುಂಚೆ ಕುಟುಂಬಕ್ಕೆ ಈ ಮೊತ್ತ ಗೊತ್ತಾಗಬೇಕು. ಮರಣೋತ್ತರ ಪರೀಕ್ಷೆ ತಪ್ಪಬಾರದು.

ಮಾನವ ಹಕ್ಕುಗಳ ಆಯೋಗದಿಂದ ಪ್ರಯೋಜನ ಇದೆಯೇ?

ಇದೆ, ಮಿತಿಯೂ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡಲಾರದು. ಅದು ಕೊಡುವುದು ಶಿಫಾರಸು. ಆದರೆ ವರದಿ ಕೇಳಿ ಆಯೋಗ ಪತ್ರ ಬರೆದಾಗ ಅಧಿಕಾರಿಗಳು ಬರೆದು ಕೊಡುವ ಉತ್ತರ ಮುಂದೆ ಕೋರ್ಟಿನಲ್ಲಿ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಬೆದರಿಕೆ ಬಂದರೆ? ಸುಳ್ಳು ಕೇಸು ಹಾಕಿದರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಹಿತಿ ಹಕ್ಕು ಬಳಸಿದವರನ್ನು ಈ ದೇಶದಲ್ಲಿ ಕೊಂದಿದ್ದಾರೆ. 2010ರಲ್ಲಿ ಪುಣೆ ಬಳಿ ಸತೀಶ್ ಶೆಟ್ಟಿ ಹತ್ಯೆಯಾದರು. ದೂರುದಾರರ ರಕ್ಷಣೆಗೆಂದು 2014ರಲ್ಲಿ ಕಾಯ್ದೆ ಆಯಿತು, ಆದರೆ ವರ್ಷಗಳೇ ಕಳೆದರೂ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಹಾಗಾಗಿ ರಕ್ಷಣೆಯನ್ನು ತಂಡವೇ ಕಟ್ಟಿಕೊಳ್ಳಬೇಕು.

ಪ್ರತಿ ದಾಖಲೆಯ ನಕಲು ಮೂರು ಬೇರೆ ಬೇರೆ ಮನೆಗಳಲ್ಲಿರಲಿ, ಒಂದು ಊರಿನ ಹೊರಗಿರಲಿ. ಸಿಕ್ಕ ಮಾಹಿತಿಯನ್ನು ಬೇಗ ಬಹಿರಂಗ ಮಾಡಿ. ಎಲ್ಲರಿಗೂ ಗೊತ್ತಾದ ಮೇಲೆ ಒಬ್ಬರನ್ನು ಹೆದರಿಸಿ ಪ್ರಯೋಜನ ಇರುವುದಿಲ್ಲ. ಕಚೇರಿಗೆ ಒಬ್ಬರೇ ಹೋಗಬೇಡಿ, ಮೂವರು ಹೋಗಿ, ದನಿ ಎತ್ತಬೇಡಿ. “ಸರ್ಕಾರಿ ಕೆಲಸಕ್ಕೆ ಅಡ್ಡಿ” ಎಂಬ ಕೇಸು, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 132, ಇಂಥ ತಂಡಗಳ ಮೇಲೆ ಹೆಚ್ಚಾಗಿ ಬೀಳುತ್ತದೆ. ಅದಕ್ಕೆ ಹಲ್ಲೆ ಅಥವಾ ಬಲಪ್ರಯೋಗ ನಡೆದಿರಬೇಕು, ಬರೀ ಪ್ರಶ್ನೆ ಕೇಳಿದ್ದು ಅಪರಾಧವಲ್ಲ. ಬೆದರಿಕೆ ಕರೆ ಬಂದರೆ ಅದೇ ದಿನ ಲಿಖಿತ ದೂರು ಕೊಡಿ. ಮೂಲ ಫೋನಿನಲ್ಲಿರುವ ಮುದ್ರಣ ಅಳಿಸಬೇಡಿ. ವಾಟ್ಸಾಪಿನಲ್ಲಿ ಹರಿದಾಡಿದ ಪ್ರತಿಗಿಂತ ಮೂಲ ಫೋನಿನದಕ್ಕೇ ಕೋರ್ಟಿನಲ್ಲಿ ಬೆಲೆ. ಸಾಕ್ಷಿಗಳಿಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ಮಟ್ಟದಲ್ಲೇ ಅರ್ಜಿ ಹಾಕಬಹುದು.

ಇಷ್ಟೆಲ್ಲ ಮಾಡಿ ದೊಡ್ಡವರ ವಿರುದ್ಧ ಏನಾದರೂ ಆಗುತ್ತದೆಯೇ?

ಬಳ್ಳಾರಿಯನ್ನು ನೋಡಿ. ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಗಳು 2008 ಮತ್ತು 2011ರಲ್ಲಿ ಬಂದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. ಗುತ್ತಿಗೆಗಳ ಗಡಿಯನ್ನು ಸ್ಥಳದಲ್ಲಿ ಅಳೆದು ಎ, ಬಿ, ಸಿ ಎಂದು ವರ್ಗ ಮಾಡಿದರು, ಅಕ್ರಮ ಅತಿ ಹೆಚ್ಚಾಗಿದ್ದವು ಸಿ ವರ್ಗದಲ್ಲಿದ್ದವು. 2013ರ ಏಪ್ರಿಲಿನ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅಲ್ಲೂ ನಿರ್ಣಾಯಕವಾದದ್ದು ಕಾಗದದ ಗಡಿಗೂ ನೆಲದ ಗಡಿಗೂ ಇದ್ದ ವ್ಯತ್ಯಾಸವೇ.

ತಂಡದವರೇ ಅರ್ಜಿ ತೋರಿಸಿ ದುಡ್ಡು ಕೀಳಲು ಶುರು ಮಾಡಿದರೆ?

ಆಗುತ್ತದೆ, ಮತ್ತು ಇದರಿಂದ ಆಗುವ ಹಾನಿ ಯಾವ ಗುತ್ತಿಗೆದಾರನೂ ಮಾಡಲಾರದಷ್ಟು ದೊಡ್ಡದು. ಮೊದಲ ದಿನವೇ ನಿಯಮ ಮಾಡಿ: ಹಾಕಿದ ಪ್ರತಿ ಅರ್ಜಿ ತಂಡದ ಪುಸ್ತಕದಲ್ಲಿ ದಾಖಲಾಗಬೇಕು, ಸಭೆಯ ಒಪ್ಪಿಗೆ ಇಲ್ಲದೆ ಯಾರೂ ಅರ್ಜಿ ವಾಪಸು ಪಡೆಯಬಾರದು, ಅಧಿಕಾರಿ ಅಥವಾ ಗುತ್ತಿಗೆದಾರರನ್ನು ಒಬ್ಬರೇ ಭೇಟಿಯಾಗಬಾರದು. ತಂಡದ ಖರ್ಚು ವೆಚ್ಚ ಪ್ರತಿ ತಿಂಗಳು ಊರಿನ ಕಟ್ಟೆಯ ಮೇಲೆ ಅಂಟಿಸಿ. ನಿಯಮ ಮುರಿದವರು ಎಷ್ಟೇ ಹಳಬರಾದರೂ ಹೊರಗೆ ಹೋಗಲೇಬೇಕು.

ವಕೀಲರಿಗೆ ಕೊಡಲು ಹಣವಿಲ್ಲ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ (1987ರ ಕಾಯ್ದೆ, ಕಲಂ 12). ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ನೇಮಿಸಿದ ವಕೀಲರು ದುಡ್ಡು ಕೇಳಿದರೆ ಅದೇ ಸಮಿತಿಗೆ ಬರೆದು ಬೇರೆಯವರನ್ನು ಕೇಳಬಹುದು. ಹೋಗುವಾಗ ತಾರೀಖಿನ ಪ್ರಕಾರ ಜೋಡಿಸಿದ ಕಡತ ಮತ್ತು ಒಂದು ಪುಟದ ಸಾರಾಂಶ ಒಯ್ಯಿರಿ. ಸಮಿತಿಯ ವಕೀಲರ ಕೈಯಲ್ಲಿ ಕೇಸುಗಳು ತುಂಬಾ ಇರುತ್ತವೆ, ಓದಲು ಸಿದ್ಧವಾಗಿರುವ ಕಡತವನ್ನು ಅವರು ಮೊದಲು ತೆರೆಯುತ್ತಾರೆ.